ಎಣ್ಣೆ ಬಿಟ್ಟ ಮೇಲೆ ಮಗುವಿನ ಕಿವಿನೋವು ಹೋಯಿತೇ? ತಮಟೆ ತೂತಾಗಿರಬಹುದು, ನೋಡಿ

ಮಳೆಗಾಲ ಅಥವಾ ಚಳಿಗಾಲ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ತಪ್ಪದೆ ಸುತ್ತು ಹೊಡೆಯುತ್ತದೆ. ಎರಡು ಎಸಳು ಬೆಳ್ಳುಳ್ಳಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ, ಉಗುರು ಬೆಚ್ಚಗಿರುವಾಗ ಮಗುವಿನ ಕಿವಿಗೆ ಮೂರು ತೊಟ್ಟು ಬಿಡಿ. ಬೆಳಗಾಗುವಷ್ಟರಲ್ಲಿ ನೋವು ಮಾಯ, ಒಳಗಿನ ಕೆಟ್ಟದ್ದೆಲ್ಲ ಹೊರಗೆ. ಕೊನೆಯಲ್ಲಿ ಯಥಾಪ್ರಕಾರ, ‘ಹತ್ತು ಜನಕ್ಕೆ ಕಳಿಸಿ’. ಸಂತೆಮರಹಳ್ಳಿ, ಯಳಂದೂರು, ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ ಇದಕ್ಕೆ ಫೋನು ಕೂಡ ಬೇಕಿಲ್ಲ, ಅಜ್ಜಿಯರಿಗೆ ಬಾಯಿಪಾಠ. ಬೆಳ್ಳುಳ್ಳಿ ಇಲ್ಲದಿದ್ದರೆ ಈರುಳ್ಳಿ ರಸ, ಅದೂ ಇಲ್ಲದಿದ್ದರೆ ತುಂಬೆ ಸೊಪ್ಪಿನ ರಸ, ಹಸುಗೂಸಾದರೆ ತಾಯಿಯ ಎದೆಹಾಲು.

ಈ ಸಂದೇಶವನ್ನು ಒಂದೇ ಮಾತಿನಲ್ಲಿ ಸುಳ್ಳು ಎಂದು ತಳ್ಳಿಹಾಕಿದರೆ ಯಾರೂ ನಂಬುವುದಿಲ್ಲ. ಯಾಕೆಂದರೆ ಬಹಳ ಮನೆಗಳಲ್ಲಿ ನಿಜವಾಗಿಯೂ ರಾತ್ರಿ ಎಣ್ಣೆ ಬಿಟ್ಟಿದ್ದಾರೆ, ಬೆಳಗ್ಗೆ ನೋವು ಹೋಗಿದೆ, ದಿಂಬಿನ ಮೇಲೆ ಹಳದಿ ಕಲೆಯೂ ಕಂಡಿದೆ. ಕಣ್ಣಾರೆ ಕಂಡದ್ದನ್ನು ಅಲ್ಲ ಎನ್ನುವುದು ಹೇಗೆ? ಹಾಗಾಗಿ ಆ ರಾತ್ರಿ ಕಿವಿಯೊಳಗೆ ಏನು ನಡೆಯಿತು ಎಂಬುದನ್ನೇ ನೋಡೋಣ.

ನೋವು ಹೋದದ್ದು ಏಕೆ?

ಕಿವಿಯ ತೂತಿನ ಒಳತುದಿಯಲ್ಲಿ ಒಂದು ತೆಳು ಪೊರೆ ಇದೆ. ಅದೇ ಕಿವಿತಮಟೆ. ಅಗಲ ಸುಮಾರು ಒಂದು ಸೆಂಟಿಮೀಟರ್, ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದರ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ, ಅಂದರೆ ಮಧ್ಯಕಿವಿ. ಆ ಕೋಣೆಯಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳ ಇಳಿಯುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಊಟಿ ಘಾಟಿ ಹತ್ತುವಾಗ ಕಿವಿ ಗುಂಯ್ ಎಂದು ಕಟ್ಟಿಕೊಂಡು, ಎಂಜಲು ನುಂಗಿದಾಗ ಟಪ್ ಎಂದು ಬಿಡುತ್ತದಲ್ಲ, ಆಗ ತೆರೆದುಕೊಳ್ಳುವುದು ಇದೇ ನಾಳ. ಕೋಣೆಯ ಗಾಳಿಯ ಒತ್ತಡ ಹೊರಗಿನ ಒತ್ತಡಕ್ಕೆ ಸಮನಾಗಿರುವಂತೆ ನೋಡಿಕೊಳ್ಳುವುದು ಅದರ ಕೆಲಸ.

ದೊಡ್ಡವರಲ್ಲಿ ಈ ನಾಳ ಉದ್ದವಾಗಿದ್ದು ಇಳಿಜಾರಾಗಿರುತ್ತದೆ. ಮಕ್ಕಳಲ್ಲಿ ಗಿಡ್ಡ, ಕಿರಿದು, ಹೆಚ್ಚುಕಡಿಮೆ ಮಲಗಿದ ಹಾಗೆ ಇರುತ್ತದೆ. ಮಗುವಿಗೆ ನೆಗಡಿಯಾದರೆ ನಾಳದ ಬಾಯಿ ಊದಿಕೊಂಡು ಮುಚ್ಚಿಹೋಗುತ್ತದೆ. ಕೋಣೆಯೊಳಗಿನ ಗಾಳಿಯನ್ನು ಸುತ್ತಲಿನ ಪೊರೆ ಹೀರಿಕೊಳ್ಳುತ್ತದೆ, ಆ ಜಾಗದಲ್ಲಿ ನೀರು ಕೂಡುತ್ತದೆ. ಮೂಗಿನಿಂದ ಹತ್ತಿ ಬಂದ ರೋಗಾಣುಗಳು ಅದರಲ್ಲಿ ಬೆಳೆದರೆ ನೀರು ಕೀವಾಗುತ್ತದೆ. ಕೋಣೆಯ ಗೋಡೆಗಳೆಲ್ಲ ಮೂಳೆ, ಮೆತ್ತಗಿರುವುದು ತಮಟೆಯೊಂದೇ. ಕೀವಿನ ಒತ್ತಡವನ್ನೆಲ್ಲ ಅದೇ ತಡೆದುಕೊಳ್ಳಬೇಕು. ಮಲಗಿದಾಗ ಒತ್ತಡ ಇನ್ನೂ ಏರುತ್ತದೆ. ಮಗು ನಡುರಾತ್ರಿ ಕಿವಿ ಹಿಡಿದುಕೊಂಡು ಚೀರುವುದು ಇದಕ್ಕೇ.

ಮುಂದೆ ಎರಡರಲ್ಲಿ ಒಂದು ಆಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಸೋಂಕು ತಾನಾಗಿಯೇ ಇಳಿಯುತ್ತದೆ. ಇಂಥ ಕಿವಿನೋವು ಬಂದ ಹತ್ತು ಮಕ್ಕಳಲ್ಲಿ ಸುಮಾರು ಆರು ಮಕ್ಕಳಿಗೆ ಆ್ಯಂಟಿಬಯೋಟಿಕ್ ಕೊಡದಿದ್ದರೂ 24 ಗಂಟೆಯೊಳಗೆ ನೋವು ಹೋಗುತ್ತದೆ ಎಂದು ವೈದ್ಯಕೀಯ ಅಧ್ಯಯನಗಳಲ್ಲಿ ಕಂಡುಬಂದಿದೆ. ಉಳಿದ ಕೆಲವರಲ್ಲಿ ಒತ್ತಡ ತಾಳಲಾರದೆ ತಮಟೆ ಒಂದು ಕಡೆ ಹರಿಯುತ್ತದೆ. ಹರಿದ ಕ್ಷಣವೇ ಕೀವು ಹೊರಗೆ ಹರಿದು ಒತ್ತಡ ಇಳಿದುಹೋಗುತ್ತದೆ. ಮಗು ನಿದ್ದೆ ಹೋಗುತ್ತದೆ, ಮನೆಯವರು ಉಸ್ಸೆನ್ನುತ್ತಾರೆ.

ಎಣ್ಣೆ ಬಿಟ್ಟಿದ್ದರೆ ಎರಡರ ಕೀರ್ತಿಯೂ ಎಣ್ಣೆಗೇ. ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಕಾಗುವುದಿಲ್ಲ ಎಂದುಕೊಂಡಿದ್ದ ಮುದುಕಿಯ ಕಥೆ ಗೊತ್ತಿದೆಯಲ್ಲ, ಅದೇ ಲೆಕ್ಕ. ತಮಟೆ ಸರಿಯಾಗಿದ್ದರೆ ಎಣ್ಣೆ ಅದನ್ನು ದಾಟಿ ಒಳಗಿನ ಕೀವನ್ನು ಮುಟ್ಟುವುದೇ ಇಲ್ಲ. ಬೆಚ್ಚಗಿರುವುದರಿಂದ ಸ್ವಲ್ಪ ಹೊತ್ತು ಹಿತವೆನಿಸಬಹುದು, ಅಷ್ಟೆ. ಆ ಹಿತವನ್ನು ಕಿವಿಯ ಹೊರಗೆ ಬೆಚ್ಚನೆಯ ಬಟ್ಟೆ ಇಟ್ಟೂ ಪಡೆಯಬಹುದು. ನೋವಿಗೆ ಮಗುವಿನ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಇದೆ.

ತೊಂದರೆ ಶುರುವಾಗುವುದು ಇದರ ನಂತರ. ಕೀವು ಬಂದದ್ದನ್ನು ಕಂಡು ‘ಮದ್ದು ಹಿಡಿಯಿತು’ ಎಂದು ಇನ್ನೂ ನಾಲ್ಕು ದಿನ ಎಣ್ಣೆ ಬಿಡುತ್ತಾರೆ. ಮೊದಲ ದಿನ ಮುಚ್ಚಿದ್ದ ಬಾಗಿಲು ಈಗ ತೆರೆದಿದೆ. ಎಣ್ಣೆ, ಅದರ ಜೊತೆಗಿನ ಬೆಳ್ಳುಳ್ಳಿ ಚೂರು, ಸ್ನಾನದ ನೀರು, ಸೋಪು ಎಲ್ಲವೂ ತೂತಿನ ಮೂಲಕ ನೇರವಾಗಿ ಮಧ್ಯಕಿವಿಗೆ ಇಳಿಯುತ್ತವೆ. ಸುಮ್ಮನೆ ಬಿಟ್ಟಿದ್ದರೆ ಒಂದೆರಡು ವಾರದಲ್ಲಿ ಕೂಡಿಕೊಳ್ಳಬೇಕಾಗಿದ್ದ ಸಣ್ಣ ತೂತು, ಮತ್ತೆ ಮತ್ತೆ ಒದ್ದೆಯಾಗಿ, ಸೋಂಕಾಗಿ, ಅಂಚು ಗಟ್ಟಿಯಾಗಿ ಖಾಯಂ ಆಗಿ ಉಳಿದುಬಿಡುತ್ತದೆ. ಎಣ್ಣೆಯ ಪಸೆ ಇರುವ ಕಿವಿಯಲ್ಲಿ ಬೂಷ್ಟು ಬೆಳೆಯುವುದೂ ಉಂಟು.

ನೋವಿಲ್ಲದ ಕಿವಿಯೇ ಮೋಸ ಮಾಡುವುದು

ತೂತು ಖಾಯಂ ಆದ ಕಿವಿ ನೋಯುವುದಿಲ್ಲ. ನೆಗಡಿಯಾದಾಗ, ಕೆರೆಯಲ್ಲೋ ನಾಲೆಯಲ್ಲೋ ಈಜಿ ಬಂದಾಗ ಸೋರುತ್ತದೆ, ಆಮೇಲೆ ಒಣಗುತ್ತದೆ. ಮಗು ಆಟವಾಡಿಕೊಂಡಿರುತ್ತದೆ, ಊಟ ಸೇರುತ್ತದೆ. ‘ಚಿಕ್ಕ ವಯಸ್ಸಲ್ಲಿ ನಂಗೂ ಸೋರ್ತಿತ್ತು, ದೊಡ್ಡವನಾದ್ಮೇಲೆ ಹೋಯ್ತು’ ಎಂದು ಮಾವನೊಬ್ಬ ಹೇಳಿದರೆ ಆಸ್ಪತ್ರೆಯ ಮಾತು ಅಲ್ಲಿಗೆ ಮುಗಿಯಿತು. ಆ ಮಾವನಿಗೆ ಈಗ ಫೋನಿನಲ್ಲಿ ಯಾವ ಕಿವಿಯಲ್ಲಿ ಮಾತಾಡುತ್ತೀರಿ ಎಂದು ಕೇಳಿನೋಡಿ. ಒಂದೇ ಕಿವಿಗೆ ಹಿಡಿಯುವ ಅಭ್ಯಾಸ ಸುಮ್ಮನೆ ಬಂದಿರದಿರಬಹುದು.

ತೂತಾದ ತಮಟೆಯ ಮೂಲಕ ಎರಡು ವಾರಕ್ಕೂ ಹೆಚ್ಚು ಕಿವಿ ಸೋರಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ದೀರ್ಘಕಾಲದ ಕಿವಿ ಸೋರಿಕೆ ಎಂದು ಕರೆಯುತ್ತದೆ. ಅದರ 2004ರ ವರದಿಯಲ್ಲಿ ಜಗತ್ತಿನಾದ್ಯಂತ ಹೀಗೆ ಕಿವಿ ಸೋರುವವರು 6.5 ಕೋಟಿಯಿಂದ 33 ಕೋಟಿವರೆಗೆ ಇರಬಹುದೆಂದೂ, ಅವರಲ್ಲಿ ನೂರಕ್ಕೆ 60 ಜನರಿಗೆ ಕೇಳುವ ಶಕ್ತಿ ಕಡಿಮೆಯಾಗಿದೆಯೆಂದೂ ಅಂದಾಜು ಮಾಡಲಾಗಿತ್ತು. ಈ ಕಾಯಿಲೆ ಅತಿ ಹೆಚ್ಚಾಗಿರುವ ದೇಶಗಳ ಗುಂಪಿನಲ್ಲಿ ಭಾರತದ ಹೆಸರಿದೆ.

ಎಷ್ಟು ಕಡಿಮೆ ಕೇಳಿಸುತ್ತದೆ? ‘ತಮಟೆ ಒಡೆದರೆ ಪೂರ್ತಿ ಕಿವುಡು’ ಎನ್ನುವುದೂ ಫಾರ್ವರ್ಡ್‌ಗಳಲ್ಲಿ ಬರುವ ಮಾತು. ಅದು ತಪ್ಪು. ತಮಟೆ ಗಾಳಿಯಲ್ಲಿ ಬಂದ ಶಬ್ದಕ್ಕೆ ನಡುಗುತ್ತದೆ. ಅದಕ್ಕೆ ಅಂಟಿಕೊಂಡ ಮೂರು ಪುಟ್ಟ ಮೂಳೆಗಳು, ಅಂದರೆ ಶಾಲೆಯ ಪುಸ್ತಕದಲ್ಲಿ ಓದಿದ ಸುತ್ತಿಗೆ, ಅಡಿಗಲ್ಲು, ರಿಕಾಪು, ಆ ನಡುಕವನ್ನು ಒಳಕಿವಿಯ ನೀರಿಗೆ ಮುಟ್ಟಿಸುತ್ತವೆ. ಗಾಳಿಯ ಶಬ್ದ ನೇರವಾಗಿ ನೀರಿಗೆ ಬಡಿದರೆ ಬಹುಪಾಲು ಹಿಂದಕ್ಕೆ ಚಿಮ್ಮುತ್ತದೆ. ಕೆರೆಯಲ್ಲಿ ಮುಳುಗಿದವನಿಗೆ ದಡದವರ ಕೂಗು ಕೇಳಿಸದಿರುವುದು ಇದಕ್ಕೇ. ತಮಟೆ ರಿಕಾಪಿನ ಪಾದಕ್ಕಿಂತ ಸುಮಾರು 17 ಪಟ್ಟು ದೊಡ್ಡದು. ದೊಡ್ಡ ಜಾಗದ ಒತ್ತಡವನ್ನು ಸಣ್ಣ ಜಾಗಕ್ಕೆ ಕೂಡಿಸಿ ಹೆಚ್ಚಿಸುವುದೇ ಅದರ ಉಪಾಯ. ತೂತು ಬಿದ್ದಾಗ ಈ ಉಪಾಯ ಕೈಕೊಡುತ್ತದೆ. ಸಾಸಿವೆಯಷ್ಟು ತೂತಾದರೆ ಮಗುವಿಗೆ ವ್ಯತ್ಯಾಸವೇ ತಿಳಿಯದಿರಬಹುದು. ತಮಟೆಯ ಬಹುಭಾಗ ಹೋಗಿದ್ದರೆ 40 ಡೆಸಿಬೆಲ್‌ವರೆಗೆ, ಮೂಳೆಗಳೂ ಸವೆದಿದ್ದರೆ 60ರವರೆಗೆ ಕೇಳುವ ಶಕ್ತಿ ಕುಗ್ಗುತ್ತದೆ. ಎದುರು ಕೂತು ಮಾಡುವ ಸಾಮಾನ್ಯ ಮಾತುಕತೆಯೇ 60 ಡೆಸಿಬೆಲ್ ಆಸುಪಾಸಿನದು.

ಅಂದರೆ ಮಗುವಿಗೆ ಶಬ್ದ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಆ, ಈ, ಊ ಎಂಬ ಸ್ವರಗಳು ಗಟ್ಟಿ, ಅವು ಮುಟ್ಟುತ್ತವೆ. ಕ, ತ, ಪ, ಸ, ಹ ಇವು ಮೆಲು, ಅವು ಬೀಳುತ್ತವೆ. ಉಕ್ತಲೇಖನದಲ್ಲಿ ಮೇಷ್ಟ್ರು ‘ಸಾಲು’ ಎಂದರೆ ಮಗು ‘ಕಾಲು’ ಎಂದೋ ‘ಪಾಲು’ ಎಂದೋ ಬರೆಯುತ್ತದೆ. (‘ಹಾಲು’ ಎಂದದ್ದನ್ನು ‘ಆಲು’ ಎಂದು ಬರೆದರೆ ಮಾತ್ರ ಕಿವಿಯನ್ನು ದೂರಬೇಡಿ, ನಮ್ಮ ಕಡೆ ಅದನ್ನು ಹೇಳುವುದೇ ಹಾಗೆ.) ಕೊನೆಯ ಬೆಂಚಿನಲ್ಲಿ ಕೂತು, ಫ್ಯಾನಿನ ಸದ್ದು, ಪಕ್ಕದ ತರಗತಿಯ ಮಗ್ಗಿ ಎಲ್ಲದರ ನಡುವೆ ಅರ್ಧಂಬರ್ಧ ಕೇಳಿಸಿಕೊಂಡ ಮಗು ಸ್ವಲ್ಪ ದಿನಕ್ಕೆ ಕೇಳಿಸಿಕೊಳ್ಳುವ ಪ್ರಯತ್ನವನ್ನೇ ಬಿಡುತ್ತದೆ. ಅಷ್ಟರಲ್ಲಿ ಅದಕ್ಕೆ ಹೆಸರೂ ಬಿದ್ದಿರುತ್ತದೆ. ದಡ್ಡ, ಮೊಂಡ, ಗಮನ ಇಲ್ಲದವನು. ಕಿವಿ ಸೋರಿಕೆಯ ನಿಜವಾದ ನಷ್ಟ ಇದು. ಒಂದೆರಡು ವರ್ಷದ ಓದು ಹೀಗೆ ಜಾರಿದರೆ ಆಮೇಲೆ ತಮಟೆಗೆ ತೇಪೆ ಹಾಕಬಹುದು, ಓದಿಗೆ ಹಾಕುವುದು ಅಷ್ಟು ಸುಲಭವಲ್ಲ.

ಇಂಥ ಮಗು ಜೋರಾಗಿ ಮಾತಾಡುತ್ತದೆ ಎಂದುಕೊಂಡರೆ ಅದೂ ಸರಿಯಲ್ಲ. ನಿಮ್ಮ ಎರಡೂ ಕಿವಿ ಮುಚ್ಚಿಕೊಂಡು ಮಾತಾಡಿನೋಡಿ, ನಿಮ್ಮ ದನಿ ನಿಮಗೇ ದೊಡ್ಡದಾಗಿ ಮೊಳಗುತ್ತದೆ. ಎರಡೂ ತಮಟೆ ಕೆಟ್ಟ ಮಗುವಿಗೂ ತನ್ನ ದನಿ ಹಾಗೆ ಮೊಳಗುವುದರಿಂದ ಅದು ಮೆಲ್ಲಗೆ ಮಾತಾಡುವುದೇ ಹೆಚ್ಚು. ಗಮನಿಸಬೇಕಾದದ್ದು ಬೇರೆ: ಹಿಂದಿನಿಂದ ಕರೆದರೆ ತಿರುಗದಿರುವುದು, ಪ್ರತಿ ಮಾತಿಗೂ ‘ಆಂ?’ ಎನ್ನುವುದು, ಟಿವಿ ದನಿ ಏರಿಸುವುದು, ಮಾತಾಡುವವರ ಬಾಯನ್ನೇ ನೋಡುವುದು. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಮಗುವಿನ ಹಿಂದೆ ಒಂದು ತೋಳಿನಷ್ಟು ದೂರ ನಿಂತು, ಅದರ ಒಂದು ಕಿವಿಯನ್ನು ಮೆತ್ತಗೆ ಮುಚ್ಚಿಸಿ, ಪಿಸುದನಿಯಲ್ಲಿ ಮೂರು ಪದ ಹೇಳಿ ತಿರುಗಿ ಹೇಳಿಸಿ. ತಡವರಿಸಿದರೆ ಆಸ್ಪತ್ರೆಗೆ ಹೋಗಲು ಅಷ್ಟು ಕಾರಣ ಸಾಕು. ಸರಿಯಾಗಿ ಹೇಳಿದರೂ ಕಿವಿ ಸೋರುತ್ತಿದ್ದರೆ ಹೋಗಲೇಬೇಕು.

ಕಡ್ಡಿ, ಪಿನ್ನು, ಒಂದು ಏಟು

ತಮಟೆ ಸೋಂಕಿನಿಂದಲೇ ಹರಿಯಬೇಕೆಂದಿಲ್ಲ. ಗುಗ್ಗೆ ತೆಗೆಯಲು ಹಾಕಿದ ಬೆಂಕಿಕಡ್ಡಿ, ಸೇಫ್ಟಿ ಪಿನ್ನು, ಇಯರ್‌ಬಡ್ ಇವು ಮಗು ತಲೆ ಅಲ್ಲಾಡಿಸಿದ ಕ್ಷಣದಲ್ಲಿ ತಮಟೆಗೆ ತಾಗುತ್ತವೆ. ಈಗ ಫೋನಿಗೆ ಜೋಡಿಸುವ ಕ್ಯಾಮೆರಾ ಇರುವ ಕಡ್ಡಿಗಳು ಆನ್‌ಲೈನ್‌ನಲ್ಲಿ ಸಿಗುತ್ತಿವೆ. ಚಿತ್ರ ಕಂಡ ಮಾತ್ರಕ್ಕೆ ಕೈ ಡಾಕ್ಟರರದ್ದಾಗುವುದಿಲ್ಲ. ಗುಗ್ಗೆ ಕೊಳೆಯಲ್ಲ, ಕಿವಿ ತಾನೇ ಮಾಡಿಕೊಳ್ಳುವ ಕಾವಲು. ಸಾಮಾನ್ಯವಾಗಿ ತಾನೇ ಹೊರಗೆ ಬರುತ್ತದೆ.

ಇನ್ನೊಂದು ಕಾರಣ ಹೇಳಲೇಬೇಕು. ತೆರೆದ ಅಂಗೈಯಿಂದ ಕಿವಿಯ ಮೇಲೆ ಬಾರಿಸಿದರೆ ಕಿವಿಯ ಕೊಳವೆಯ ಗಾಳಿ ಒಮ್ಮೆಲೆ ಒತ್ತಿಕೊಂಡು ತಮಟೆಯನ್ನು ಹರಿಯುತ್ತದೆ. ಮನೆಯಲ್ಲಿ ಹೊಡೆದರೂ ಅಷ್ಟೆ, ಶಾಲೆಯಲ್ಲಿ ಹೊಡೆದರೂ ಅಷ್ಟೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿದೆ. ಸರಿಯಾಗಿ ಕೇಳಿಸದ ಮಗುವಿಗೆ ‘ಕಿವಿ ಕೇಳಲ್ವಾ?’ ಎಂದು ಕಿವಿಗೇ ಹೊಡೆಯುವುದಕ್ಕಿಂತ ವಿಪರೀತ ಬೇರೊಂದಿಲ್ಲ. ಕಿವಿಯ ಪಕ್ಕದಲ್ಲೇ ಸಿಡಿದ ಪಟಾಕಿಯೂ ಇದೇ ಕೆಲಸ ಮಾಡುತ್ತದೆ.

ಹೀಗೆ ಪೆಟ್ಟಿನಿಂದ ಆದ ತೂತು ಹೆಚ್ಚಿನಂಶ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಾನೇ ಮುಚ್ಚಿಕೊಳ್ಳುತ್ತದೆ. ಷರತ್ತು ಒಂದೇ, ಕಿವಿಗೆ ಏನೂ ಬೀಳಬಾರದು. ನೀರು, ಎಣ್ಣೆ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಗುಗ್ಗೆ ಕರಗಿಸುವ ಡ್ರಾಪ್ಸ್ ಯಾವುದೂ ಬೇಡ. ಡಾಕ್ಟರಿಗೆ ತೋರಿಸಿ, ಮುಚ್ಚಿದೆಯೇ ಎಂದು ಮತ್ತೊಮ್ಮೆ ನೋಡಿಸಿ.

‘ಸೋರುವುದನ್ನು ನಿಲ್ಲಿಸಿದರೆ ತಲೆಗೆ ಹೋಗುತ್ತೆ’

ಎಣ್ಣೆಯ ಫಾರ್ವರ್ಡ್‌ಗಿಂತ ಹೆಚ್ಚು ಕೆಡುಕು ಮಾಡುವ ನಂಬಿಕೆ ಇದು. ಕೀವು ಹೊರಗೆ ಬರುವುದೇ ಒಳ್ಳೆಯದು, ಔಷಧಿ ಹಾಕಿ ನಿಲ್ಲಿಸಿದರೆ ಒಳಗೆ ತಿರುಗಿ ಮೆದುಳಿಗೆ ಏರುತ್ತದೆ ಎಂದು ಹೆದರಿ ವರ್ಷಗಟ್ಟಲೆ ಸೋರಲು ಬಿಟ್ಟವರಿದ್ದಾರೆ. ವಿಷಯ ಇದಕ್ಕೆ ಉಲ್ಟಾ. ಔಷಧಿ ಕೀವನ್ನು ಒಳಗೆ ತಳ್ಳುವುದಿಲ್ಲ, ಕೀವು ಮಾಡುವ ರೋಗಾಣುವನ್ನು ಕೊಲ್ಲುತ್ತದೆ. ಮೆದುಳಿಗೆ ಅಪಾಯ ಬರುವುದು ಸೋರಿಕೆಯನ್ನು ಅಲಕ್ಷಿಸಿದಾಗ. ಒಂದು ಬಗೆಯ ಸೋರಿಕೆಯಲ್ಲಿ ಮಧ್ಯಕಿವಿಯೊಳಗೆ ಚರ್ಮದ ಪದರಗಳು ಗಂಟಾಗಿ ಬೆಳೆದು ಸುತ್ತಲಿನ ಮೂಳೆಯನ್ನು ಸವೆಸುತ್ತವೆ. ಇದರಲ್ಲಿ ಕೀವು ಸ್ವಲ್ಪವೇ ಇರಬಹುದು, ಆದರೆ ಕೊಳೆತ ವಾಸನೆ ಇರುತ್ತದೆ. ಇದಕ್ಕೆ ಡ್ರಾಪ್ಸ್ ಸಾಲದು, ಆಪರೇಷನ್ನೇ ಬೇಕು. ಕಿವಿಯ ಹಿಂದೆ ಊತ, ಮುಖ ಒಂದು ಕಡೆಗೆ ಸೊಟ್ಟಗಾಗುವುದು, ತಲೆಸುತ್ತು, ಜ್ವರದ ಜೊತೆ ವಿಪರೀತ ತಲೆನೋವು, ವಾಂತಿ ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೊರಡಬೇಕು.

ಸಾಮಾನ್ಯ ಸೋರಿಕೆಗೆ ಚಿಕಿತ್ಸೆ ಬಹಳ ಸರಳ. ಅದರಲ್ಲಿ ಅರ್ಧದಷ್ಟು ಮನೆಯಲ್ಲೇ ಆಗುವಂಥದ್ದು. ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಬಟ್ಟೆಯ ತುಂಡನ್ನು ದೀಪದ ಬತ್ತಿಯ ಹಾಗೆ ಹೊಸೆಯಿರಿ. ಮೆತ್ತಗೆ ಕಿವಿಯೊಳಗಿಟ್ಟು, ಒದ್ದೆಯಾದ ಮೇಲೆ ತೆಗೆದು ಎಸೆದು, ಇನ್ನೊಂದು ಇಡಿ. ಬತ್ತಿ ಒಣಗಿದ್ದು ಒಣಗಿದಂತೆಯೇ ಹೊರಬರುವ ತನಕ ಹೀಗೆ, ದಿನಕ್ಕೆ ಮೂರು ಸಲ. ಬತ್ತಿಗೆ ಕಡ್ಡಿ ಬೇಡ, ಅದನ್ನು ಒಳಗೆ ಬಿಟ್ಟು ಮರೆಯುವುದೂ ಬೇಡ. ಕಿವಿ ಒಣಗಿಸಿದ ನಂತರ ಡಾಕ್ಟರು ಬರೆದುಕೊಟ್ಟ ಡ್ರಾಪ್ಸ್. ಕೀವು ತುಂಬಿರುವಾಗಲೇ ಹಾಕಿದ ಡ್ರಾಪ್ಸ್ ಕೀವಿನ ಮೇಲೆ ತೇಲುತ್ತದೆ, ಒಳಗೆ ಮುಟ್ಟುವುದಿಲ್ಲ. ‘ಡ್ರಾಪ್ಸ್ ಹಾಕಿದ್ವಿ, ಏನೂ ಆಗಲಿಲ್ಲ’ ಎನ್ನುವವರು ಈ ಬತ್ತಿಯ ಕೆಲಸವನ್ನು ಬಿಟ್ಟಿದ್ದೇವೆಯೇ ಎಂದು ಮೊದಲು ನೋಡಿಕೊಳ್ಳಲಿ. ಪಕ್ಕದ ಮನೆಯವರ ಹಳೆಯ ಬಾಟಲಿಯನ್ನಂತೂ ಹಾಕಲೇಬೇಡಿ. ತಮಟೆ ತೂತಾಗಿರುವಾಗ ಜೆಂಟಾಮೈಸಿನ್, ನಿಯೋಮೈಸಿನ್ ಗುಂಪಿನ ಔಷಧಿಗಳು ಒಳಕಿವಿಗೇ ಹಾನಿ ಮಾಡಬಲ್ಲವು.

ಯಾರಿಗೆ ತೋರಿಸುವುದು?

ಸಂತೆಮರಹಳ್ಳಿ ಸುತ್ತಿನವರು ಕಿವಿ ಎಂದ ಕೂಡಲೇ ಮೈಸೂರಿನ ಬಸ್ಸು ಹತ್ತುವುದು ಹಿಂದಿನಿಂದ ಬಂದ ರೂಢಿ. ಅದಕ್ಕೆ ಕಾರಣವೂ ಇದೆ. ದೇಶಕ್ಕೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನ ಆಯಿಷ್ ಎನ್ನುವುದು, 1965ರಿಂದ ಮೈಸೂರಿನಲ್ಲಿದೆ. ಕಿವಿ ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದು, ಶ್ರವಣ ಸಾಧನ ಕೊಡುವುದು, ಮಾತಿನ ತರಬೇತಿ ಎಲ್ಲ ಅಲ್ಲಿ ಒಂದೇ ಕಡೆ ಸಿಗುತ್ತದೆ. ಆದರೆ ಅದೇ ಆಯಿಷ್ ತನ್ನ ಹೊರಸೇವಾ ಕೇಂದ್ರಗಳನ್ನು ಹಳ್ಳಿಗಳಲ್ಲೂ ತೆರೆದಿದೆ. ಅವುಗಳಲ್ಲಿ ಒಂದು ನಮ್ಮ ಪಕ್ಕದ ಯಳಂದೂರು ತಾಲ್ಲೂಕಿನ ಗುಂಬಳ್ಳಿಯಲ್ಲಿದೆ. ಡಾ. ಎಚ್. ಸುದರ್ಶನ್ ಕಟ್ಟಿದ ಕರುಣಾ ಟ್ರಸ್ಟ್ 1996ರಲ್ಲಿ ಸರ್ಕಾರದಿಂದ ವಹಿಸಿಕೊಂಡ ಪ್ರಾಥಮಿಕ ಆರೋಗ್ಯ ಕೇಂದ್ರ ಅದು. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲೂ ಇಂಥದೇ ಕೇಂದ್ರವಿದೆ. ಹೊರಡುವ ಮೊದಲು ಕಿವಿ ಪರೀಕ್ಷೆ ಯಾವ ದಿನ ಎಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯಿಂದ ಕೇಳಿಕೊಳ್ಳಿ. ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಕಿವಿ-ಮೂಗು-ಗಂಟಲಿನ ತಜ್ಞರು ಜಿಲ್ಲೆಯೊಳಗೇ ಸಿಗುತ್ತಾರೆ.

ಆಸ್ಪತ್ರೆಯೇ ಮಗುವಿನ ಬಳಿ ಬರುವ ದಾರಿಯೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಕಿವಿಯ ಸೋಂಕು, ಕಿವುಡುತನ ಎರಡೂ ಇವೆ. ಆದರೆ ಆ ದಿನ ಮಗುವಿನ ಕಿವಿ ಒಣಗಿದ್ದರೆ ಗಡಿಬಿಡಿಯಲ್ಲಿ ತಪ್ಪಿಹೋಗಬಹುದು. ‘ಇದಕ್ಕೆ ಆಗಾಗ ಕಿವಿ ಸೋರುತ್ತದೆ’ ಎಂದು ಬಾಯಿ ಬಿಟ್ಟು ಹೇಳುವುದು ಮನೆಯವರ ಕೆಲಸ.

ಮಕ್ಕಳಲ್ಲಿ ಕಾಣುವ ಕಿವುಡುತನದಲ್ಲಿ ನೂರಕ್ಕೆ 60ರಷ್ಟನ್ನು ಬರದಂತೆ ತಡೆಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಲಸಿಕೆಯ ಪಾಲು ದೊಡ್ಡದು. ದಡಾರ ಬಂದ ಹತ್ತು ಮಕ್ಕಳಲ್ಲಿ ಒಂದಕ್ಕೆ ಕಿವಿ ಸೋಂಕಾಗುತ್ತದೆ, ಆದ್ದರಿಂದ ದಡಾರದ ಚುಚ್ಚುಮದ್ದು ಕಿವಿಗೂ ಚುಚ್ಚುಮದ್ದೇ. ಮಗುವನ್ನು ಚಪ್ಪಟೆ ಮಲಗಿಸಿ ಬಾಟಲಿ ಹಾಲು ಕುಡಿಸದಿರುವುದು, ಸೌದೆ ಒಲೆಯ ಮತ್ತು ಬೀಡಿಯ ಹೊಗೆಯಿಂದ ದೂರ ಇಡುವುದು, ಎಣ್ಣೆನೀರು ಹಾಕುವಾಗ ಕಿವಿಗೆ, ಮೂಗಿಗೆ ಎಣ್ಣೆ ಬಿಡದಿರುವುದು ಇವೂ ಸೇರುತ್ತವೆ. ಎಣ್ಣೆನೀರು ಬೇಡವೆಂದಲ್ಲ. ಅಜ್ಜಿ ತಲೆಗೆ, ಮೈಗೆ ಎಷ್ಟು ಬೇಕಾದರೂ ತಿಕ್ಕಲಿ, ಕಿವಿಯ ತೂತೊಂದನ್ನು ಬಿಟ್ಟರೆ ಸಾಕು.

ತೂತು ಮುಚ್ಚದೇ ಉಳಿದರೆ ಆಪರೇಷನ್ ಇದೆ. ಕಿವಿಯ ಮೇಲ್ಗಡೆ ಸ್ನಾಯುವನ್ನು ಹೊದ್ದಿರುವ ತೆಳು ಪೊರೆಯ ಸಣ್ಣ ತುಂಡು ತೆಗೆದು ತಮಟೆಗೆ ತೇಪೆ ಹಾಕುತ್ತಾರೆ. ಮಗುವಿನದೇ ಪೊರೆಯಾದ್ದರಿಂದ ದೇಹ ಅದನ್ನು ತಳ್ಳುವುದಿಲ್ಲ. ಚಿಕ್ಕ ಮಕ್ಕಳಿಗೆ ಪದೇ ಪದೇ ನೆಗಡಿಯಾಗಿ ತೇಪೆ ಬಿಟ್ಟುಕೊಳ್ಳಬಹುದೆಂದು ಬಹಳ ಡಾಕ್ಟರುಗಳು ಏಳೆಂಟು ವರ್ಷವಾಗುವ ತನಕ ಕಾಯುತ್ತಾರೆ. ಕಾಯಿರಿ ಎಂದರೆ ಸುಮ್ಮನಿರಿ ಎಂದಲ್ಲ. ಅಲ್ಲಿಯವರೆಗೆ ಕಿವಿ ಒಣಗಿರಬೇಕು. ಸ್ನಾನಕ್ಕೆ ಮುಂಚೆ ವ್ಯಾಸಲಿನ್ ಸವರಿದ ಹತ್ತಿಯುಂಡೆಯನ್ನು ಕಿವಿಯ ಬಾಯಿಗೆ ಇಟ್ಟು, ಸ್ನಾನವಾದ ಮೇಲೆ ತೆಗೆಯಬೇಕು. ಕೆರೆ, ನಾಲೆಯ ಈಜು ಬಿಡಬೇಕು, ಮಕ್ಕಳಿಗೆ ಇದೊಂದೇ ನಿಜವಾಗಿ ಕಷ್ಟದ ಪಥ್ಯ. ಶಾಲೆಗೆ ಹೋಗಿ ಮೇಷ್ಟ್ರಿಗೋ ಟೀಚರಿಗೋ ವಿಷಯ ಹೇಳಿ, ಮಗುವನ್ನು ಮುಂದಿನ ಸಾಲಿಗೆ ಕೂರಿಸಿಕೊಳ್ಳಿ ಎಂದು ಕೇಳಿಕೊಳ್ಳಿ. ಕೆಟ್ಟಿರುವುದು ಬಲಗಿವಿಯಾದರೆ ಬಲಗಡೆ ಗೋಡೆಯ ಪಕ್ಕ ಕೂರಿಸಬೇಕು, ಎಡಗಿವಿಯಾದರೆ ಎಡಗಡೆ. ಆಗ ಚೆನ್ನಾಗಿ ಕೇಳಿಸುವ ಕಿವಿ ಪಾಠ ಹೇಳುವವರ ಕಡೆಗಿರುತ್ತದೆ.